ಸವೆದ ಪುಟಗಳ ಜನಾಝ

ಓದಿ ಓದಿ ಸವೆದು, ರಟ್ಟು ಕಿತ್ತು, ಪುಟಗಳು ಬಿಡಿಬಿಡಿಯಾದ ಪವಿತ್ರ ಗ್ರಂಥವನ್ನು ಏನು ಮಾಡಬೇಕು? ಈ ಪ್ರಶ್ನೆ ಎದುರಾಗದ ಮನೆ ನಮ್ಮಲ್ಲಿ ವಿರಳ. ಎಸೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಸ್ಥಳವಿರದು. ಕೊನೆಗೆ ಯಾರೂ ಇಲ್ಲದ ಹೊತ್ತಿನಲ್ಲಿ ಬಟ್ಟೆಯಲ್ಲಿ ಸುತ್ತಿ ಮಸೀದಿಯ ಕಪಾಟಿನ ಮೇಲಿಟ್ಟು ಬಂದರೆ ಮನೆಯವರ ಹೊಣೆ ತೀರಿತು. ಬಳಿಕ ಅದರ ಗತಿ ಏನಾಯಿತೆಂದು ವಿಚಾರಿಸುವವರು ಕಡಿಮೆ. ಇದೇ ಪ್ರಶ್ನೆಯನ್ನು ಬಹು ಹಿಂದೆಯೇ ಕೇಳಿಕೊಂಡು, ಅದಕ್ಕೊಂದು ವಿವರವಾದ ವಿಧಿಯನ್ನೇ ರೂಪಿಸಿಕೊಂಡ ಸಮುದಾಯವೊಂದಿದೆ. ಅದು ಯಹೂದಿ ಸಮುದಾಯ.

ಯಹೂದಿ ಎಂಬ ಪದ ಕಿವಿಗೆ ಬಿದ್ದೊಡನೆ ಕೆಲವು ಓದುಗರ ಹುಬ್ಬು ಗಂಟಿಕ್ಕಬಹುದು. ಫೆಲೆಸ್ತೀನ್‌ನಲ್ಲಿ ನಡೆದಿರುವ ಅನ್ಯಾಯವನ್ನು ನಾವು ಮರೆತಿಲ್ಲ, ಮರೆಯುವಂತೆಯೂ ಇಲ್ಲ. ಆದರೆ ಒಂದು ಸರಕಾರದ ದುಷ್ಕೃತ್ಯವನ್ನು ಸಾವಿರಾರು ವರ್ಷಗಳ ಧಾರ್ಮಿಕ ಪರಂಪರೆಯೊಂದರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಕುರ್‌ಆನ್ ಅವರನ್ನು ಗ್ರಂಥದವರೆಂದು ಕರೆದಿದೆ. ಗ್ರಂಥದವರು ತಮ್ಮ ಗ್ರಂಥವನ್ನು ಹೇಗೆ ನಡೆಸಿಕೊಂಡರೆಂದು ನೋಡುವುದರಿಂದ ನಮಗೆ ನಷ್ಟವೇನೂ ಇಲ್ಲ. ಮೇಲಾಗಿ ಈ ಕಥೆಯ ಎಳೆಯೊಂದು ನಮ್ಮ ಮಂಗಳೂರಿನವರೆಗೂ ಬಂದಿದೆ.

ಯಹೂದಿ ಧರ್ಮಶಾಸ್ತ್ರದ ಪ್ರಕಾರ ದೇವನಾಮವನ್ನು ಅಳಿಸುವುದು ನಿಷಿದ್ಧ. ವಿಗ್ರಹಗಳ ಹೆಸರನ್ನು ಅಳಿಸಿರಿ, ಆದರೆ ನಿಮ್ಮ ಪ್ರಭುವಿನ ವಿಷಯದಲ್ಲಿ ಹಾಗೆ ಮಾಡಬಾರದು ಎಂಬ ಆಶಯದ ಆದೇಶ ತೌರಾತ್‌ನ ಐದನೆಯ ಗ್ರಂಥದಲ್ಲಿದ್ದು, ಅದೇ ಈ ವಿಧಿಯ ಆಧಾರ. ಅಳಿಸಬಾರದ ನಾಮಗಳು ಇಂತಿಷ್ಟೇ ಎಂದು ತಲ್ಮೂದ್‌ನ ವಿದ್ವಾಂಸರು ಎಣಿಸಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಮೂಸಾ ಬಿನ್ ಮೈಮೂನ್ ಅವುಗಳನ್ನು ತನ್ನ ಸಂಹಿತೆಯಲ್ಲಿ ಕ್ರಮಬದ್ಧಗೊಳಿಸಿದರು. ಸುಲ್ತಾನ್ ಸಲಾಹುದ್ದೀನ್‌ರ ಆಸ್ಥಾನದೊಡನೆ ಸಂಬಂಧವಿದ್ದ ವೈದ್ಯರಿವರು. ಇವರ ಪ್ರಸಿದ್ಧ ತತ್ವಗ್ರಂಥ ‘ದಲಾಲತುಲ್ ಹಾಇರೀನ್’ ಇರುವುದು ಅರಬಿ ಭಾಷೆಯಲ್ಲಿಯೇ.

ತೌರಾತ್‌ನ ಸುರುಳಿಯನ್ನು ಮುದ್ರಿಸುವಂತಿಲ್ಲ. ಅದನ್ನು ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯಬೇಕು. ಅದರಲ್ಲಿ 3,04,805 ಅಕ್ಷರಗಳಿವೆ. ಅನುಭವಿ ಲಿಪಿಕಾರನಿಗೂ ಸುಮಾರು ಒಂದು ವರ್ಷ ಹಿಡಿಯುವ ಕಾಯಕ. ಒಂದೇ ಒಂದು ಅಕ್ಷರ ಬಿರುಕು ಬಿಟ್ಟು ರೂಪಗೆಟ್ಟರೂ ಅದನ್ನು ತಿದ್ದುವ ತನಕ ಆ ಸುರುಳಿ ಸಿನಗಾಗ್‌ನ ಸಾಮೂಹಿಕ ವಾಚನಕ್ಕೆ ಅನರ್ಹ. ತಿದ್ದಲು ಸಾಧ್ಯವೇ ಇಲ್ಲದಷ್ಟು ಸವೆದಾಗ ಅದನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ವಿದ್ವಾಂಸನೊಬ್ಬನ ಸಮಾಧಿಯ ಪಕ್ಕದಲ್ಲಿ ದಫನ ಮಾಡಬೇಕು. ಗಡಿಗೆ ಏಕೆ? ಮಣ್ಣಿನಡಿಯಲ್ಲಿಯೂ ಅದು ಆದಷ್ಟು ಕಾಲ ಉಳಿಯಲಿ ಎಂದು. ಇನ್ನು ಸುರುಳಿಗೆ ಸುತ್ತಿದ ಬಟ್ಟೆ ಸವೆದರೆ ಅದಕ್ಕೂ ಒಂದು ವಿಧಿಯಿದೆ. ವಾರಸುದಾರರಿಲ್ಲದ ಅನಾಥ ಶವಕ್ಕೆ ಅದನ್ನು ಕಫನ್ ಆಗಿ ಬಳಸಬಹುದು, ಅದೇ ಆ ಬಟ್ಟೆಯ ಗೌರವಪೂರ್ಣ ವಿಲೇವಾರಿ ಎಂದು ತಲ್ಮೂದ್ ವಿಧಿಸಿದೆ. ಈ ಒಂದು ವಿಧಿಗೆ ನಾವು ಮುಂದೆ ಮರಳಿ ಬರಲಿದ್ದೇವೆ.

ಸುರುಳಿಗೆ ಮಾತ್ರ ಈ ಮರ್ಯಾದೆ ಮೀಸಲಲ್ಲ. ಪ್ರಾರ್ಥನಾ ಪುಸ್ತಕ, ತಲ್ಮೂದ್‌ನ ಸಂಪುಟ, ಬಾಗಿಲ ಚೌಕಟ್ಟಿಗೆ ಜಡಿಯುವ ವಚನದ ಚೀಟಿ, ಮಕ್ಕಳ ಧಾರ್ಮಿಕ ಪಾಠದ ಹಾಳೆ, ಎಲ್ಲವೂ ಬೇರೆ ಬೇರೆ ಮಟ್ಟದಲ್ಲಿ ಇದರ ವ್ಯಾಪ್ತಿಗೆ ಬರುತ್ತವೆ. ಇಂತಹವುಗಳನ್ನು ಹೂಳುವ ತನಕ ಕೂಡಿಡುವ ಸ್ಥಳಕ್ಕೆ ‘ಗೆನೀಝಾ’ ಎಂದು ಹೆಸರು. ಬಚ್ಚಿಡು, ಜೋಪಾನವಾಗಿ ಮುಚ್ಚಿಡು ಎಂಬ ಅರ್ಥದ ಧಾತುವಿನಿಂದ ಬಂದ ಪದವಿದು. ನಾವು ಮೃತದೇಹಕ್ಕೂ ಅದರ ಅಂತ್ಯಯಾತ್ರೆಗೂ ಬಳಸುವ ‘ಜನಾಝ’ ಎಂಬ ಪದಕ್ಕೂ ಇದಕ್ಕೂ ಇರುವ ನಂಟನ್ನು ವಿದ್ವಾಂಸರು ಗುರುತಿಸಿದ್ದಾರೆ. ಮದೀನಾದಲ್ಲಿ ಯಹೂದಿಯೋರ್ವನ ಜನಾಝ ಹಾದುಹೋದಾಗ ಪ್ರವಾದಿವರ್ಯರು(ಸ) ಎದ್ದು ನಿಂತುದನ್ನು ಹದೀಸ್ ಗ್ರಂಥಗಳಲ್ಲಿ ಓದಿದವರಿಗೆ ಈ ಪದಸಾಮ್ಯ ಬರಿಯ ಭಾಷಾಶಾಸ್ತ್ರದ ಕುತೂಹಲವಾಗಿ ಉಳಿಯದು.

ಈ ಶ್ರದ್ಧೆ ಬರೆಯುವ ಕೈಗೂ ಇಳಿದಿದೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ಹದಿನೈದು ಎಂದು ಬರೆಯಲು ಹತ್ತರ ಅಕ್ಷರದ ಪಕ್ಕದಲ್ಲಿ ಐದರ ಅಕ್ಷರ ಇಟ್ಟರೆ ಅದು ದೇವನಾಮವೊಂದರಂತೆ ಓದಿಸಿಕೊಳ್ಳುತ್ತದೆ. ಆದ್ದರಿಂದ ಅವರು ಒಂಬತ್ತು ಮತ್ತು ಆರರ ಅಕ್ಷರಗಳನ್ನು ಕೂಡಿಸಿ ಹದಿನೈದು ಬರೆಯುತ್ತಾರೆ! ಕಸದ ಪಾಲಾಗುವ ಕಾಗದದಲ್ಲಿ ದೇವನಾಮದ ಬದಲು ಒಂದು ಸಂಕೇತಾಕ್ಷರವನ್ನಷ್ಟೇ ಮುದ್ರಿಸುವುದು ಅವರ ರೂಢಿ. ಮುದ್ರಣದ ವಿಷಯದಲ್ಲಿ ನಾವೆಷ್ಟು ಉದಾಸೀನರು ಎಂಬುದಕ್ಕೆ ಹೊರಗಿನ ಸಾಕ್ಷಿ ಬೇಡ. ಮದುವೆಯ ಆಮಂತ್ರಣದ ನೆತ್ತಿಯ ಮೇಲೆ ಬಿಸ್ಮಿಲ್ಲಾಹ್, ಚುನಾವಣಾ ಕರಪತ್ರದ ಮೂಲೆಯಲ್ಲಿ ಆಯತ್, ಅಂಗಡಿಯ ಕ್ಯಾಲೆಂಡರ್‌ನಲ್ಲಿ ಅಸ್ಮಾಉಲ್ ಹುಸ್ನಾ. ನಮ್ಮಂತಹ ಪತ್ರಿಕೆಗಳ ಪುಟಗಳಲ್ಲಿಯೂ ವಚನಗಳಿರುತ್ತವೆ. ಮರುವಾರ ಅದೇ ಪುಟ ಮೀನಿನ ಪೊಟ್ಟಣವಾಗುವುದನ್ನು ತಡೆಯುವ ಉಪಾಯವನ್ನು ನಾವು ಕಂಡುಹಿಡಿದಿಲ್ಲ.

ಸಾಮಾನ್ಯವಾಗಿ ಗೆನೀಝಾ ತುಂಬಿದಾಗ ಅದನ್ನು ಬರಿದು ಮಾಡಿ ಎಲ್ಲವನ್ನೂ ಸ್ಮಶಾನದಲ್ಲಿ ಹೂಳುತ್ತಾರೆ. ಆದರೆ ಈಜಿಪ್ಟಿನ ಒಂದು ಸಿನಗಾಗ್‌ನಲ್ಲಿ ಹಾಗಾಗಲಿಲ್ಲ. ಅಮ್ರ್ ಬಿನ್ ಆಸ್(ರ) ಕಟ್ಟಿಸಿದ ಫುಸ್ತಾತ್ ನಗರದಲ್ಲಿ, ಅಂದರೆ ಇಂದಿನ ಹಳೆ ಕೈರೋದಲ್ಲಿ, ಬೆನ್ ಎಝ್ರಾ ಎಂಬ ಸಿನಗಾಗ್ ಇದೆ. ಅದರ ಮಹಿಳೆಯರ ಉಪ್ಪರಿಗೆಯ ಕೊನೆಯಲ್ಲಿ ಬಾಗಿಲಿಲ್ಲದ ಕೋಣೆಯೊಂದಿತ್ತು. ಗೋಡೆಯ ಮೇಲ್ಭಾಗದ ಕಂಡಿಗೆ ಏಣಿ ಹಾಕಿ ಕಾಗದಗಳನ್ನು ಒಳಗೆ ಹಾಕುವುದು ಪದ್ಧತಿ. ಹನ್ನೊಂದನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಹೀಗೆ ಹಾಕುತ್ತಲೇ ಹೋದರು. ಈಜಿಪ್ಟಿನ ಒಣ ಹವೆಯಲ್ಲಿ ಅವು ಕೊಳೆಯಲೂ ಇಲ್ಲ.

ಅಲ್ಲಿನವರು ಧರ್ಮಗ್ರಂಥಕ್ಕಷ್ಟೇ ಈ ಕೋಣೆಯನ್ನು ಮೀಸಲಿಡಲಿಲ್ಲ. ಹೀಬ್ರೂ ಲಿಪಿಯಲ್ಲಿ ಬರೆದ ಯಾವುದನ್ನೂ ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ಪತ್ರದ ಆರಂಭದಲ್ಲಿ ದೇವನಾಮ ಇದ್ದೀತು, ಕರಾರಿನ ಕೊನೆಯಲ್ಲಿ ಪ್ರಾರ್ಥನೆ ಇದ್ದೀತು ಎಂಬ ಅಳುಕು. ಹಾಗಾಗಿ ವಿವಾಹಪತ್ರ, ವಿಚ್ಛೇದನ ಪತ್ರ, ಸಾಲದ ಚೀಟಿ, ದಾನ ಪಡೆದ ಬಡವರ ಪಟ್ಟಿ, ವೈದ್ಯರ ಔಷಧ ಚೀಟಿ, ಅಕ್ಷರ ಕಲಿಯುವ ಮಗುವಿನ ಅಭ್ಯಾಸದ ಹಾಳೆ ಎಲ್ಲವೂ ಕಂಡಿಯೊಳಗೆ ಬಿದ್ದವು. ಇವುಗಳಲ್ಲಿ ಬಹುಪಾಲು ಪತ್ರಗಳ ಲಿಪಿ ಹೀಬ್ರೂ, ಭಾಷೆ ಅರಬಿ. ಅರಬಿ ಲಿಪಿಯಲ್ಲಿ ಮಲಯಾಳ ಓದಿ ಬೆಳೆದ ನಮ್ಮ ಕರಾವಳಿಯ ಹಿರಿಯರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಹೀಬ್ರೂ ಲಿಪಿಯಲ್ಲಿ ನಕಲು ಮಾಡಿಕೊಂಡ ಕುರ್‌ಆನ್‌ನ ಭಾಗಗಳೂ ಅದೇ ರಾಶಿಯಲ್ಲಿ ದೊರೆತಿವೆ.

ಅಲ್ಲಿ ದೊರೆತ ಪತ್ರವೊಂದರ ಕಥೆ ಹೀಗಿದೆ. ಮೂಸಾ ಬಿನ್ ಮೈಮೂನ್‌ರ ತಮ್ಮ ದಾವೂದ್ ಅಮೂಲ್ಯ ಕಲ್ಲುಗಳ ವ್ಯಾಪಾರಿ. ಹಿಂದುಸ್ತಾನದತ್ತ ಹೊರಟವನು ಕೆಂಪು ಸಮುದ್ರದ ಅಯ್ದಾಬ್ ಬಂದರಿನಿಂದ ಅಣ್ಣನಿಗೊಂದು ಪತ್ರ ಬರೆದ. ಬಳಿಕ ಸಮುದ್ರದಲ್ಲಿ ಮುಳುಗಿ ಸತ್ತ. ಆ ಪತ್ರ ಇಂದಿಗೂ ಇದೆ. ಅಣ್ಣ ಮಹಾ ವಿದ್ವಾಂಸನೆಂಬ ಕಾರಣಕ್ಕೆ ಅದು ಉಳಿದುದಲ್ಲ. ಹೀಬ್ರೂ ಅಕ್ಷರದ ಕಾಗದವನ್ನು ಎಸೆಯಬಾರದು ಎಂಬ ರೂಢಿಯಿಂದಾಗಿ ಉಳಿಯಿತು.

ಇದೇ ಕೋಣೆಯಲ್ಲಿ ಮಂಗಳೂರಿನ ಕಾಗದಗಳೂ ಇದ್ದವು. ಟ್ಯುನೀಶಿಯಾದ ಮಹ್ದಿಯ್ಯಾದ ಇಬ್ರಾಹೀಮ್ ಬಿನ್ ಯೀಜೂ ಎಂಬ ಯಹೂದಿ ವರ್ತಕ ಏಡನ್ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು ಹದಿನೇಳು ವರ್ಷಗಳಷ್ಟು ಕಾಲ ನೆಲೆಸಿದ್ದ. 1132ರ ಅಕ್ಟೋಬರ್ 17ರಂದು ಆತ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ದಸ್ತಾವೇಜು ಉಳಿದುಬಂದಿದೆ. ಆಕೆಯನ್ನೇ ಆತ ವರಿಸಿದನೆಂದು ವಿದ್ವಾಂಸರು ಭಾವಿಸುತ್ತಾರೆ. ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಆತನದ್ದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್‌ನ ಸ್ನೇಹಿತರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಇವುಗಳನ್ನು ಕರಗಿಸಿ ಇಂಥಿಂಥ ಹೊಸ ಪಾತ್ರೆ ಮಾಡಿಸಿಕೊಡೆಂದು ಅಳತೆ ಸಮೇತ ಬರೆಯುತ್ತಿದ್ದರು. ಅದರೊಂದಿಗೆ ಉಡುಗೊರೆಯಾಗಿ ಸಕ್ಕರೆ, ಒಣದ್ರಾಕ್ಷಿ ಮತ್ತು ಬಿಳಿ ಕಾಗದ ಬರುತ್ತಿತ್ತು. ತಾಳೆಗರಿಯ ನಾಡಿನಲ್ಲಿ ಆತನಿಗೆ ಕಾಗದ ಸಿಗುವುದು ಕಷ್ಟವಾಗಿತ್ತು. ಆದ್ದರಿಂದಲೇ ಬಂದ ಪತ್ರಗಳ ಬೆನ್ನಿನ ಮೇಲೆ, ಅಂಚಿನಲ್ಲಿ, ಸಾಲುಗಳ ನಡುವೆ ಆತ ತನ್ನ ಲೆಕ್ಕಪತ್ರ ಬರೆದುಕೊಂಡಿದ್ದಾನೆ.

ಆತನ ಬಳಿ ಒಬ್ಬ ಸೇವಕನಿದ್ದ. ಒಡೆಯನ ಪರವಾಗಿ ಏಡನ್‌ಗೆ ಹೋಗಿ ಸರಕು ಮಾರಿ, ಬೇಕಾದುದನ್ನು ತರುವಷ್ಟು ನಂಬಿಕಸ್ಥ. ಏಡನ್‌ನ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಆತನಿಗೂ ಸಲಾಮ್ ಹೇಳಿ ಕಳುಹಿಸಿದ್ದಾರೆ. ಸ್ವರಚಿಹ್ನೆಗಳಿಲ್ಲದ ಲಿಪಿಯಲ್ಲಿ ಆತನ ಹೆಸರನ್ನು ಹೇಗೆ ಓದಬೇಕೆಂಬುದು ಸಮಸ್ಯೆಯಾಗಿತ್ತು. ಲೇಖಕ ಅಮಿತಾವ್ ಘೋಷ್ ಇದನ್ನು ಬೆನ್ನಟ್ಟಿ ಮಂಗಳೂರಿಗೆ ಬಂದಾಗ, ಅದು ತುಳುನಾಡಿನ ‘ಬೊಮ್ಮ’ ಇರಬಹುದೆಂದು ಸೂಚಿಸಿದವರು ವಿದ್ವಾಂಸ ಬಿ.ಎ. ವಿವೇಕ ರೈ. ಘೋಷ್‌ರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ 1992ರಲ್ಲಿ ಪ್ರಕಟವಾಯಿತು. ಹನ್ನೆರಡನೆಯ ಶತಮಾನದ ನಮ್ಮ ಕರಾವಳಿಯ ರಾಜರ ಹೆಸರು ಶಾಸನಗಳಲ್ಲಿದೆ. ಆದರೆ ಬೊಮ್ಮನಂತಹ ಒಬ್ಬ ಕೂಲಿಯವನ ಹೆಸರನ್ನು ಕಲ್ಲಿನಲ್ಲಿ ಕೊರೆಸುವವರು ಯಾರು? ಅದನ್ನು ಉಳಿಸಿಕೊಟ್ಟುದು ದೂರದ ನಗರವೊಂದರ ರದ್ದಿ ಕಾಗದದ ಕೋಣೆ.

1149ರಲ್ಲಿ ಬಿನ್ ಯೀಜೂ ಏಡನ್‌ಗೆ ಮರಳಿ, ಬಳಿಕ ಈಜಿಪ್ಟ್ ಸೇರಿದ. ಹಳೆಯ ಪತ್ರಗಳ ಕಟ್ಟನ್ನು ಜೊತೆಯಲ್ಲೇ ಕೊಂಡೊಯ್ದಿದ್ದ. 1156ರಲ್ಲಿ ಆತನ ಮಗಳ ಮದುವೆ ಫುಸ್ತಾತ್‌ನಲ್ಲಿ ಆಕೆಯ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನೊಡನೆ ನಡೆಯಿತು. ಆಕೆಯ ಉಡುಗೊರೆಯ ಪಟ್ಟಿಯೂ ಆ ಕೋಣೆಯಲ್ಲೇ ಸಿಕ್ಕಿದೆ.

ಮುಸ್ಲಿಮರಾದ ನಾವು ತುಸು ತಲೆ ತಗ್ಗಿಸಬೇಕಾದ ಸಂಗತಿಯೂ ಇಲ್ಲಿದೆ. ಫಾತಿಮೀ ಖಲೀಫರ ಕಾಲದ ಈಜಿಪ್ಟಿನಲ್ಲಿ ಆಡಳಿತವು ಉದ್ದುದ್ದ ಕಾಗದದ ಸುರುಳಿಗಳಲ್ಲಿ, ಸಾಲುಗಳ ನಡುವೆ ಅಗಲವಾದ ಖಾಲಿ ಜಾಗ ಬಿಟ್ಟು ಫರ್ಮಾನುಗಳನ್ನು ಬರೆಸುತ್ತಿತ್ತು. ಆ ಸಾಮ್ರಾಜ್ಯದ ಮೂಲ ದಫ್ತರಖಾನೆ ಉಳಿದಿಲ್ಲ. ಆದರೆ ಬೇಡವಾದ ಫರ್ಮಾನುಗಳನ್ನು ಕತ್ತರಿಸಿ, ಅವುಗಳ ಖಾಲಿ ಜಾಗದಲ್ಲಿ ಯಹೂದಿಯರು ತಮ್ಮ ಪ್ರಾರ್ಥನೆಗಳನ್ನು ಬರೆದುಕೊಂಡರು. ಹೀಬ್ರೂ ಅಕ್ಷರ ಬಿದ್ದುದರಿಂದ ಅವು ಗೆನೀಝಾ ಸೇರಿದವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮರೀನಾ ರುಸ್ಟೋ ಈ ಚೂರುಗಳನ್ನು ಅಧ್ಯಯನ ಮಾಡಿ 2020ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಮುಸ್ಲಿಮ್ ಆಡಳಿತದ ಕಾಗದಗಳನ್ನು ಓದಲು ಇಂದು ಸಿನಗಾಗ್‌ನ ಧೂಳನ್ನು ಕೊಡವಬೇಕಾಗಿದೆ.

ಧೂಳು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. 1896ರಲ್ಲಿ ಆ್ಯಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶಗಳ ಪ್ರವಾಸದಿಂದ ಕೆಲವು ಹಾಳೆಗಳನ್ನು ಇಂಗ್ಲೆಂಡಿಗೆ ತಂದರು. ಅವುಗಳಲ್ಲೊಂದು, ಗ್ರೀಕ್ ಅನುವಾದದಲ್ಲಷ್ಟೇ ಪ್ರಸಿದ್ಧವಾಗಿದ್ದ ಬೆನ್ ಸೀರಾ ಎಂಬ ಪ್ರಾಚೀನ ಗ್ರಂಥದ ಹೀಬ್ರೂ ಪಾಠವೆಂದು ಕೇಂಬ್ರಿಡ್ಜ್‌ನ ಸೊಲೊಮನ್ ಶೆಕ್ಟರ್ ಗುರುತಿಸಿದರು. ಆ ವರ್ಷದ ಕೊನೆಯಲ್ಲೇ ಅವರು ಕೈರೋಗೆ ಧಾವಿಸಿ, ಅಲ್ಲಿನ ಮುಖ್ಯ ರಬ್ಬಿಯ ಅನುಮತಿ ಪಡೆದು, ವಾರಗಟ್ಟಲೆ ಆ ಕತ್ತಲೆ ಕೋಣೆಯಲ್ಲಿ ಕುಳಿತರು. ಶತಮಾನಗಳ ಧೂಳು ಅವರ ಆರೋಗ್ಯವನ್ನೇ ಕೆಡಿಸಿತು. ಕೇಂಬ್ರಿಡ್ಜ್ ಗ್ರಂಥಾಲಯದ ಆ ಸಂಗ್ರಹದಲ್ಲಿ ಇಂದು ಸುಮಾರು 1,93,000 ತುಣುಕುಗಳಿವೆ. ಎಸ್.ಡಿ. ಗೋಯಿಟೈನ್ ಎಂಬ ವಿದ್ವಾಂಸರು ಜೀವನದ ಬಹುಭಾಗವನ್ನು ಈ ಕಾಗದಗಳಿಗೇ ಮುಡಿಪಾಗಿಟ್ಟರು. 1967ರಿಂದ ಸಂಪುಟ ಸಂಪುಟವಾಗಿ ಹೊರಬಂದ ಅವರ ‘ಎ ಮೆಡಿಟರೇನಿಯನ್ ಸೊಸೈಟಿ’ ಆ ಕಾಲದ ಮುಸ್ಲಿಮ್ ನಾಡಿನ ಜನಜೀವನವನ್ನು ತಿಳಿಯಲಿಚ್ಛಿಸುವವರಿಗೂ ಅನಿವಾರ್ಯ.

ಇದೆಲ್ಲವೂ ನಿಷ್ಕಳಂಕ ಜ್ಞಾನಸೇವೆಯಾಗಿತ್ತೇ? ಹಾಗೆಂದು ಒಪ್ಪಲು ನಮಗೆ ಸಾಧ್ಯವಿಲ್ಲ. 1882ರಿಂದ ಈಜಿಪ್ಟ್ ಬ್ರಿಟಿಷರ ಸೈನ್ಯದ ಹಿಡಿತದಲ್ಲಿತ್ತು. ಒಂದು ದೇಶದ ಒಂಬತ್ತು ಶತಮಾನಗಳ ನೆನಪು ಪೆಟ್ಟಿಗೆಗಳಲ್ಲಿ ತುಂಬಿ ಹಡಗು ಹತ್ತುವಾಗ ಆ ದೇಶದ ಜನರನ್ನು ಕೇಳಿದವರಿಲ್ಲ. ಅತ್ತ ಶೆಕ್ಟರ್ ಹೋಗುವ ಮುನ್ನವೇ ವ್ಯಾಪಾರಿಗಳ ಕೈಸೇರಿ ಆ ಹಾಳೆಗಳು ಊರೂರಿಗೆ ಚದುರತೊಡಗಿದ್ದುದೂ ನಿಜ. ಅವು ಅಲ್ಲಿಯೇ ಇದ್ದಿದ್ದರೆ ಇಂದು ಬೊಮ್ಮನ ಹೆಸರು ನಮಗೆ ಸಿಗುತ್ತಿತ್ತೇ ಎಂಬ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸಲು ನಾವು ಸಿದ್ಧರಿಲ್ಲ.

ಬಗ್ದಾದ್‌ನ ಪ್ರಕರಣ ಇದಕ್ಕಿಂತಲೂ ತೊಡಕಿನದ್ದು. 2003ರ ಮೇ ತಿಂಗಳಲ್ಲಿ, ಅಮೆರಿಕದ ದಾಳಿಯ ಬೆನ್ನಿಗೇ, ಸದ್ದಾಮ್ ಆಡಳಿತದ ಗುಪ್ತಚರ ಕಚೇರಿಯ ನೀರು ತುಂಬಿದ ನೆಲಮಾಳಿಗೆಯಲ್ಲಿ ಇರಾಕಿ ಯಹೂದಿಯರ ಸಾವಿರಾರು ಪುಸ್ತಕ, ದಾಖಲೆಗಳು ತೇಲುತ್ತಿದ್ದುದು ಪತ್ತೆಯಾಯಿತು. ಒಂದು ಕಾಲದಲ್ಲಿ ಬಗ್ದಾದ್‌ನ ಜನಜೀವನದಲ್ಲಿ ಹಾಸುಹೊಕ್ಕಾಗಿದ್ದ, 1950ರ ದಶಕದ ಆರಂಭದಲ್ಲಿ ಬಹುತೇಕ ಖಾಲಿಯಾದ ಸಮುದಾಯದ ಕಾಗದಗಳವು. ಅವುಗಳನ್ನು ದುರಸ್ತಿಗೆಂದು ಅಮೆರಿಕಕ್ಕೆ ಒಯ್ಯಲಾಯಿತು. ಮರಳಿಸುವ ಒಪ್ಪಂದವಾಗಿದ್ದರೂ ಬಳಿಕ ಅದರ ಕುರಿತು ವಿವಾದ ಎದ್ದಿತು. ಬಾಗಿಲು ಒಡೆದು ಬಂದವನು ಮನೆಯ ಪುಸ್ತಕಗಳನ್ನು ರಕ್ಷಿಸಿದೆನೆಂದು ಹೇಳಿಕೊಂಡರೆ ಅದನ್ನು ಕೇಳಿ ಸುಮ್ಮನಿರಲಾಗದು. ಆದರೆ ಆ ಪುಸ್ತಕಗಳು ಸಿನಗಾಗ್‌ನಲ್ಲಿರದೆ ಪೊಲೀಸರ ನೆಲಮಾಳಿಗೆಗೆ ಹೇಗೆ ಬಂದವು ಎಂಬುದನ್ನೂ ಕೇಳಲೇಬೇಕು. 2013ರ ಡಿಸೆಂಬರ್‌ನಲ್ಲಿ, ದುರಸ್ತಿಯಾಗದಷ್ಟು ಹಾಳಾಗಿದ್ದ ತೌರಾತ್ ಸುರುಳಿಯ 49 ತುಣುಕುಗಳನ್ನು ನ್ಯೂಯಾರ್ಕ್ ಸಮೀಪದ ಯಹೂದಿ ಸ್ಮಶಾನವೊಂದರಲ್ಲಿ ವಿಧಿಪೂರ್ವಕ ದಫನ ಮಾಡಲಾಯಿತು. ಅಮೆರಿಕದಲ್ಲಿದ್ದ ಇರಾಕ್‌ನ ರಾಯಭಾರಿ ಲುಕ್ಮಾನ್ ಫೈಲಿ ಆ ದಫನದಲ್ಲಿ ಪಾಲ್ಗೊಂಡರು. ಮುಸ್ಲಿಮ್ ರಾಯಭಾರಿಯೋರ್ವರು ತೌರಾತ್‌ನ ಜನಾಝದಲ್ಲಿ ನಿಂತ ಆ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ.

ಸುರುಳಿ ಹಾಳಾದರೆ ಹೂಳಲೇಬೇಕೆಂಬ ನಿಯಮಕ್ಕೆ ಚರಿತ್ರೆ ಒಂದು ಅಪವಾದವನ್ನೂ ಸೃಷ್ಟಿಸಿದೆ. ನಾಝಿಗಳ ಕಾಲದಲ್ಲಿ ಬೊಹೀಮಿಯಾ ಮತ್ತು ಮೊರಾವಿಯಾದ ಯಹೂದಿಯರು ಸರ್ವನಾಶವಾದಾಗ ಅವರ ಸುರುಳಿಗಳು ಪ್ರಾಗ್‌ನಲ್ಲಿ ಉಳಿದವು. 1964ರಲ್ಲಿ ಅಂತಹ 1,564 ಸುರುಳಿಗಳು ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸಿನಗಾಗ್‌ಗೆ ಬಂದವು. ಓದಲು ಯೋಗ್ಯವಾದವುಗಳನ್ನು ತಿದ್ದಿ ಲೋಕದ ನಾನಾ ಸಿನಗಾಗ್‌ಗಳಿಗೆ ಎರವಲಾಗಿ ನೀಡಲಾಯಿತು. ತಿದ್ದಲಾಗದ ಸುರುಳಿಗಳನ್ನೂ ಹೂಳದೆ, ಅಳಿದುಹೋದ ಊರುಗಳ ನೆನಪಿಗೆಂದು ಪ್ರದರ್ಶನಕ್ಕಿಡಲಾಗಿದೆ.

ಇನ್ನು ನಮ್ಮದೇ ಪರಂಪರೆಯತ್ತ ನೋಡೋಣ. ಸವೆದ ಮುಸ್‌ಹಫನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಜನರು ತುಳಿಯದ ಸ್ಥಳದಲ್ಲಿ, ಮುಸ್ಲಿಮನೊಬ್ಬನನ್ನು ದಫನ ಮಾಡುವಂತೆ ದಫನ ಮಾಡಬೇಕೆಂದು ‘ದುರ್‍ರುಲ್ ಮುಖ್ತಾರ್’ನಂತಹ ಹನಫೀ ಗ್ರಂಥಗಳು ಹೇಳುತ್ತವೆ. ಹ. ಉಸ್ಮಾನ್(ರ) ಪ್ರಮಾಣಿತ ಪ್ರತಿಗಳನ್ನು ಸಿದ್ಧಪಡಿಸಿದ ಬಳಿಕ ಉಳಿದ ಬರಹಗಳನ್ನು ಸುಡಲು ಆದೇಶಿಸಿದ್ದರೆಂದು ಬುಖಾರಿಯಲ್ಲಿದೆ. ಆ ಆಧಾರದಲ್ಲಿ, ಅವಮಾನದಿಂದ ಕಾಪಾಡುವ ಉದ್ದೇಶದಿಂದ ಸುಡುವುದನ್ನು ಅನುಮತಿಸಿದ ವಿದ್ವಾಂಸರೂ ಇದ್ದಾರೆ. ಅಕ್ಷರಗಳನ್ನು ತೊಳೆದು ಬಿಡುವ, ಭಾರ ಕಟ್ಟಿ ಹರಿಯುವ ನೀರಿನಲ್ಲಿ ಮುಳುಗಿಸುವ ರೀತಿಗಳೂ ಚರ್ಚೆಯಾಗಿವೆ. ಯಹೂದಿಯರಿಗೂ ನಮಗೂ ಇಲ್ಲಿ ಮುಖ್ಯ ವ್ಯತ್ಯಾಸ ಬೆಂಕಿಯ ವಿಷಯದಲ್ಲಿದೆ. ಮಣ್ಣಿನ ವಿಷಯದಲ್ಲಿ ಇಬ್ಬರೂ ಒಂದೇ.

ಕೂಡಿಡುವ ರೂಢಿ ನಮ್ಮಲ್ಲೂ ಇತ್ತು. ಯಮನ್‌ನ ಸನ್‌ಆ ಜಾಮಿಅ ಮಸೀದಿಯನ್ನು 1972ರಲ್ಲಿ ದುರಸ್ತಿ ಮಾಡುವಾಗ ಮಾಡಿನೊಳಗೆ ಹಳೆಯ ಚರ್ಮದ ಹಾಳೆ, ಕಾಗದಗಳ ರಾಶಿ ದೊರೆಯಿತು. ಕೆಲಸಗಾರರು ಅದನ್ನು ಗೋಣಿಚೀಲಗಳಲ್ಲಿ ತುಂಬಿ ಪಕ್ಕಕ್ಕಿಟ್ಟರು. ಅದರ ಮಹತ್ವವನ್ನು ಅರಿತವರು ಅಲ್ಲಿನ ಪ್ರಾಚ್ಯವಸ್ತು ಇಲಾಖೆಯ ಕಾಝಿ ಇಸ್ಮಾಈಲ್ ಅಲ್ ಅಕ್ವಾ. ಆ ರಾಶಿಯಲ್ಲಿದ್ದ ಹಾಳೆಗಳ ಪೈಕಿ ಕೆಲವು ಪ್ರವಾದಿ(ಸ)ರ ವಿಯೋಗಾನಂತರದ ಕೆಲವೇ ದಶಕಗಳೊಳಗಿನವು ಎಂದು ಚರ್ಮದ ಕಾರ್ಬನ್ ಪರೀಕ್ಷೆ ಸೂಚಿಸಿದೆ. ಅಂದರೆ ಸಹಾಬಿಗಳ ಕಾಲದ ಕೈಬರಹ, ಗೋಣಿಚೀಲದಲ್ಲಿ! ಪಾಕಿಸ್ತಾನದ ಕ್ವೆಟ್ಟಾದ ಬಳಿ 1992ರಿಂದ ಬೆಟ್ಟದೊಳಗೆ ಸುರಂಗಗಳನ್ನು ಕೊರೆದು ಹಳೆಯ ಮುಸ್‌ಹಫ್‌ಗಳನ್ನು ಕಾಪಾಡುತ್ತಿರುವ ‘ಜಬಲೆ ನೂರ್’ ಎಂಬ ಸ್ಥಳವೂ ಇದೆ.

ಈ ಗೌರವಕ್ಕೆ ಇನ್ನೊಂದು ಮುಖವಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. 2015ರ ಮಾರ್ಚ್ 19ರಂದು ಕಾಬೂಲ್‌ನಲ್ಲಿ ಫರ್ಖುಂದಾ ಎಂಬ ಯುವತಿಯನ್ನು, ಕುರ್‌ಆನ್ ಸುಟ್ಟಳೆಂಬ ಸುಳ್ಳು ಆರೋಪ ಹೊರಿಸಿ, ಹಾಡಹಗಲೇ ಗುಂಪೊಂದು ಹೊಡೆದು ಕೊಂದು ಶವಕ್ಕೆ ಬೆಂಕಿಯಿಟ್ಟಿತು. ತಾಯಿತ ಮಾರುವುದನ್ನು ಆಕೆ ಪ್ರಶ್ನಿಸಿದ್ದಳು. ಆಕೆ ಸುಟ್ಟಿದ್ದಳೆಂಬುದಕ್ಕೆ ತನಿಖೆಯಲ್ಲಿ ಯಾವ ಪುರಾವೆಯೂ ಸಿಗಲಿಲ್ಲ. ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ, ಹಳೆಯ ಪುಟವನ್ನು ಸುಡುವುದರ ಬಗ್ಗೆ ವಿದ್ವಾಂಸರಲ್ಲಿಯೇ ಅಭಿಪ್ರಾಯಭೇದವಿದೆ ಎಂಬುದು ಪ್ರಾಥಮಿಕ ಪಾಠ. ಆ ಗುಂಪಿಗೆ ಅದನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲವೇ? ಅಥವಾ ಬಲ್ಲವರು ಬಾಯಿ ಮುಚ್ಚಿಕೊಂಡರೇ? ಆಕೆಯ ಜನಾಝವನ್ನು ಅಂದು ಹೆಗಲ ಮೇಲೆ ಹೊತ್ತವರು ಮಹಿಳೆಯರು. ಸವೆದ ಸುರುಳಿಯ ಬಟ್ಟೆಯನ್ನು ಅನಾಥ ಶವಕ್ಕೆ ಹೊದಿಸಬಹುದೆಂದ ಆ ತಲ್ಮೂದ್ ವಿಧಿಯನ್ನು ಓದುವಾಗಲೆಲ್ಲ ನಮಗೆ ಕಾಬೂಲ್‌ನ ಆ ಬೀದಿ ನೆನಪಾಗುತ್ತದೆ.

ನಾವು ಮದ್ರಸದಲ್ಲಿ ಓದುತ್ತಿದ್ದ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ರಮಝಾನ್‌ಗೆ ಎರಡು ದಿನ ಮುಂಚೆ ಸ್ವಚ್ಛತೆಗೆಂದು ಅಟ್ಟದ ಮೇಲಿನ ಚೀಲಗಳನ್ನು ಇಳಿಸಿ ಖಬರಸ್ತಾನದ ಮೂಲೆಯ ಹಾಳುಬಾವಿಗೆ ಹಾಕುವಂತೆ ನಮಗೆ ಅಪ್ಪಣೆಯಾಯಿತು. ಒಂದು ಚೀಲ ದಾರಿಯಲ್ಲಿ ಹರಿಯಿತು. ಮುದ್ರಿತ ಪುಟಗಳ ನಡುವೆ ಕಂದು ಶಾಯಿಯ ಕೈಬರಹದ ಹಾಳೆಗಳಿದ್ದವು. ಲಿಪಿ ಅರಬಿ, ಆದರೆ ಭಾಷೆ ಅರಬಿಯೂ ಅಲ್ಲ, ಉರ್ದುವೂ ಅಲ್ಲ. ಕರಾವಳಿಯ ಕಡೆಯ ಸಹಪಾಠಿಯೊಬ್ಬ ತಡವರಿಸಿ ಒಂದೆರಡು ಸಾಲು ಓದಿದ. ಯಾರ್‍ಯಾರದ್ದೋ ಹೆಸರು, ಮುಂದೆ ಇಂತಿಷ್ಟು ಮುಡಿ ಅಕ್ಕಿ. ಇದೇನು ಕಿತಾಬೇ, ಅಂಗಡಿಯ ಲೆಕ್ಕವೇ ಎಂದು ನಾವೆಲ್ಲ ನಕ್ಕೆವು. ಅಸರ್‌ನ ಅಝಾನ್ ಆಗುವುದರೊಳಗೆ ಕೆಲಸ ಮುಗಿಸಬೇಕಿತ್ತು. ಎಲ್ಲವನ್ನೂ ಬಾವಿಗೆ ಸುರಿದೆವು. ವರ್ಷಗಳ ಬಳಿಕ ಬಿ.ಎ. ತರಗತಿಯಲ್ಲಿದ್ದಾಗ ಕಾಲೇಜಿನ ಗ್ರಂಥಾಲಯದಲ್ಲಿ ಘೋಷ್‌ರ ಪುಸ್ತಕ ಕೈಗೆ ಬಂತು. ಬೊಮ್ಮನ ಹೆಸರಿರುವ ಪುಟಕ್ಕೆ ಬಂದಾಗ ಆ ಬಾವಿ ಕಣ್ಣಮುಂದೆ ನಿಂತಿತು. ಅಂದು ನಾವು ಧಾರ್ಮಿಕವಾಗಿ ತಪ್ಪು ಮಾಡಿದೆವೆಂದು ಯಾವ ಮುಫ್ತಿಯೂ ಹೇಳಲಾರರು. ಆದರೂ ಆ ಮುಡಿ ಅಕ್ಕಿಯ ಲೆಕ್ಕ ಯಾವ ಬರಗಾಲದ್ದೋ, ಯಾರ ಝಕಾತ್‌ನದ್ದೋ ಎಂಬುದು ಇನ್ನು ತಿಳಿಯುವಂತಿಲ್ಲ.

ಆದುದರಿಂದ ನಮ್ಮ ಜಮಾಅತ್‌ಗಳ ಮುಂದೆ ನಾವಿಡುವ ಬೇಡಿಕೆ ಚಿಕ್ಕದು. ಮಸೀದಿಯ ಮೂಲೆಯಲ್ಲಿ ತುಂಬಿ ತುಳುಕುವ ಚೀಲವನ್ನು ಹೂಳುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಮುದ್ರಿತ ಪ್ರತಿಗಳನ್ನು ಗೌರವದಿಂದ ದಫನ ಮಾಡಿ. ಕೈಬರಹವೆಂದು ಕಂಡುಬಂದುದನ್ನು, ಅದು ನಿಕಾಹ್‌ನ ದಾಖಲೆಯಿರಲಿ, ವಕ್ಫ್ ಜಮೀನಿನ ಚೀಟಿಯಿರಲಿ, ಮೌಲಿದ್‌ನ ಹಾಡಿರಲಿ, ತೆಗೆದಿಡಿ. ಫೋಟೋ ತೆಗೆಯಬಲ್ಲ ಮೊಬೈಲ್ ಇಂದು ಪ್ರತಿಯೊಬ್ಬ ಯುವಕನ ಜೇಬಿನಲ್ಲಿದೆ. ವಕ್ಫ್ ಆಸ್ತಿಗೆ ದಾಖಲೆ ಎಲ್ಲಿ ಎಂದು ಕೇಳಲಾಗುತ್ತಿರುವ ಈ ದಿನಗಳಲ್ಲಿ ಹಳೆಯ ಕಾಗದವನ್ನು ಓದದೆ ಬಾವಿಗೆ ಹಾಕುವ ಐಷಾರಾಮ ನಮಗಿಲ್ಲ.

ಕಳೆದ ಶಅಬಾನ್‌ನಲ್ಲಿ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಇಬ್ಬರು ನಿವೃತ್ತ ಅಧ್ಯಾಪಕರು ಮತ್ತು ನಾಲ್ಕು ಯುವಕರ ಜೊತೆ ಸೇರಿ ಮೂರು ಚೀಲಗಳನ್ನು ಬಿಡಿಸಿದೆವು. ಮೊದಲೆರಡರಲ್ಲಿ ಮುದ್ರಿತ ಪುಟಗಳ ಹೊರತು ಏನೂ ಇರಲಿಲ್ಲ. ಇಶಾದ ಬಳಿಕ ಖಬರಸ್ತಾನದ ಗೋಡೆಯ ಬದಿಯಲ್ಲಿ ಅವುಗಳನ್ನು ಹೂಳಿದೆವು. ಮೂರನೆಯದರಲ್ಲಿ ಮಸೀದಿಯ ಹಳೆಯ ಚಂದಾ ಪುಸ್ತಕದ ಹನ್ನೊಂದು ಹಾಳೆಗಳಿದ್ದವು, ರಂಗೂನ್‌ನಿಂದ ಯಾರೋ ತಾಯಿಗೆ ಬರೆದ ಎರಡು ಪತ್ರಗಳಿದ್ದವು. ಒಂದು ಪತ್ರದ ಅರ್ಧ ಭಾಗವನ್ನು ಗೆದ್ದಲು ತಿಂದಿದೆ. ಉಳಿದರ್ಧದಲ್ಲಿ ತಂಗಿಯ ಮದುವೆಗೆ ಹಣ ಕಳುಹಿಸಿದ ವಿಚಾರವಿದೆ, ಕೆಳಗೆ ಸಹಿಯಿಲ್ಲ. ಎಲ್ಲವೂ ಮಸೀದಿಯ ಕಬ್ಬಿಣದ ಕಪಾಟಿನಲ್ಲಿವೆ. ಹಿರಿಯರು ರಂಗೂನ್‌ಗೆ ಹೋಗಿದ್ದ ಮನೆಗಳವರು ಜುಮುಅದ ಬಳಿಕ ಬಂದು ಆ ಕೈಬರಹವನ್ನು ನೋಡಬಹುದು.